ಕಣ್ಣ ಕೆಳಗಿನ ಫಿಲ್ಲರ್ ಕರಗಿಸೋದು: ಹೈಲ್ಯುರೊನಿಡೇಸ್ ಎಷ್ಟು, ಹೆಂಗ?

ಪ್ರಶ್ನೆ (ಚರ್ಮದ ಕ್ಲಿನಿಕ್, ಬಾಗಲಕೋಟೆ)
ಬ್ಯಾರೆ ಕಡೆ ಕಣ್ಣ ಕೆಳಗ ಫಿಲ್ಲರ್ (ಗುಳಿ ತುಂಬೋ ಇಂಜೆಕ್ಷನ್) ಹಾಕಿಸಿಕೊಂಡ ಪೇಷಂಟ್ ಬಂದಾರ. ಎರಡೂ ಬದಿ ನೀಲಿ ಛಾಯೆ, ಮುಂಜಾನೆ ಬಾವು. ಕರಗಿಸ್ರಿ ಅಂತಾರ. ನನ್ನ ಕಡೆ ಹೈಲ್ಯುರೊನಿಡೇಸ್ (ಫಿಲ್ಲರ್ ಕರಗಿಸೋ ಎಂಜೈಮ್) 1500 ಯುನಿಟ್ ವಯಲ್ ಐತಿ. ಸಲೈನ್ ಎಷ್ಟು ಹಾಕಬೇಕು? ಅಲರ್ಜಿ ಟೆಸ್ಟ್ ಡೋಸ್ ಬೇಕೇ ಬೇಕೇನ್ರಿ?

ಉತ್ತರ (ಚರ್ಮವೈದ್ಯೆ, ಬೆಳಗಾವಿ)
ಮದಲ ಹಳೇ ಚೀಟಿ ತರಿಸಿ ನೋಡ್ರಿ ಸರ್. ಈ ಎಂಜೈಮಿಗೆ ಕರಗೋದು ಹೈಲ್ಯುರಾನಿಕ್ ಆಸಿಡ್ ಅಷ್ಟ. ಕ್ಯಾಲ್ಸಿಯಂ ಫಿಲ್ಲರ್, ಸಿಲಿಕೋನ್, ಕೊಬ್ಬು ತುಂಬಿದ್ರ ಎಷ್ಟು ಚುಚ್ಚಿದ್ರೂ ಉಪಯೋಗಿಲ್ಲ.

ವಯಲ್‌ಗೆ 2 ಎಂ.ಎಲ್. ನಾರ್ಮಲ್ ಸಲೈನ್ ಹಾಕಿ ಅಂಗೈಯಾಗ ಹೊರಳಿಸ್ರಿ, ಕುಲುಕಬ್ಯಾಡ್ರಿ. ಸಿರಿಂಜಿಗೆ ಎಳಕೊಂಡು ಮತ್ತ ಸಲೈನ್ ಸೇರಿಸಿ ಒಟ್ಟು 10 ಎಂ.ಎಲ್. ಮಾಡಿದ್ರ 0.1 ಎಂ.ಎಲ್.ಗೆ 15 ಯುನಿಟ್ ಬರತೈತಿ.

ಟೆಸ್ಟ್ ಬೇಕೇ ಬೇಕು. ಮುಂಗೈ ಚರ್ಮದೊಳಗ 0.05 ಎಂ.ಎಲ್., ಇನ್ನೊಂದು ಕೈಗೆ ಅಷ್ಟ ಬರೇ ಸಲೈನ್. 20–30 ನಿಮಿಷ ಕೂಡ್ರಿಸ್ರಿ. ಎಂಜೈಮ್ ಕೊಟ್ಟ ಕೈಯಾಗ ಗಂದೆ ಎದ್ದು ತುರಿಸಿದ್ರ ಮುಂದ ಹೋಗಬ್ಯಾಡ್ರಿ. ಜೇನುಹುಳ, ಕಣಜ ಕಚ್ಚಿ ಮೈಯೆಲ್ಲಾ ಬಾತಿತ್ತೇನು ಅಂತನೂ ಕೇಳ್ರಿ. ಅವುಗಳ ವಿಷದಾಗೂ ಹೈಲ್ಯುರೊನಿಡೇಸ್ ಇರತೈತಿ. ನಮ್ಮ ಕಡೆ ತ್ವಾಟದಾಗ ದುಡಿಯೋರಿಗೆ ಈ ಪ್ರಶ್ನೆ ತಪ್ಪಿಸಲೇಬಾರದು.

ಒಂದು ಬದಿಗೆ 15 ಯುನಿಟ್‌ನಿಂದ ಶುರು ಮಾಡ್ರಿ. 30 ಗೇಜ್ ಸೂಜಿ, ನೀಲಿ ಇದ್ದಲ್ಲಿ ಎರಡು-ಮೂರು ಕಡೆ ಹಂಚಿ, ಬೆರಳಿಲೆ ಮೆಲ್ಲಗ ತಿಕ್ಕಿರಿ. ಒಂದೆರಡು ದಿನ ಬಾವು ಇರತೈತಿ, ಆಗಲೇ ಮತ್ತ ಚುಚ್ಚೋ ಅವಸರ ಬ್ಯಾಡ. ಜಾಸ್ತಿ ಆದ್ರ ಬೇಕಾದ ಫಿಲ್ಲರ್ರೂ ಕರಗಿ ಕಣ್ಣ ಕೆಳಗ ಮದಲಿನಂಗ ಗುಳಿ ಬೀಳತೈತಿ. ಎರಡು ವಾರ ಬಿಟ್ಟು ನೋಡಿ, ಉಳಿದದ್ದಕ್ಕ ಮತ್ತ ಕೊಡ್ರಿ. ಕೀವು, ಸೋಂಕು ಇದ್ದ ಜಾಗಕ್ಕ ಚುಚ್ಚಬ್ಯಾಡ್ರಿ, ಸೋಂಕು ಹರಡತೈತಿ.

ಉತ್ತರ (ಪ್ಲಾಸ್ಟಿಕ್ ಸರ್ಜನ್, ವಿಜಯಪುರ)
ಮೇಡಂ ಹೇಳಿದ್ದು ಪುರಸೊತ್ತಿನ ಡೋಸ್. ಫಿಲ್ಲರ್ ರಕ್ತನಾಳ ಕಟ್ಟಿದಾಗ ಅದು ಏನೂ ಸಾಲಂಗಿಲ್ಲ. ಚರ್ಮ ಬೆಳ್ಳಗಾಗೋದು, ಆಮ್ಯಾಲ ಬಲೆಯಂಗ ನೇರಳೆ ಗೆರಿ, ಒತ್ತಿ ಬಿಟ್ರ ಬಣ್ಣ ತಡಾಗಿ ಬರೋದು ಕಂಡ್ರ ಕೂಡಲೇ 1500 ಯುನಿಟ್‌ನ 3 ಎಂ.ಎಲ್.ನಾಗ ಕರಗಿಸಿ, 1 ಎಂ.ಎಲ್. ಅಂದ್ರ 500 ಯುನಿಟ್, ಬಣ್ಣ ಕೆಟ್ಟ ಜಾಗದ ತುಂಬ ಹಾಕ್ರಿ. ತಾಸಿಗೊಮ್ಮೆ ನೋಡಿ, ಬಣ್ಣ ಮರಳೋ ತನಕ ಮತ್ತ ಮತ್ತ ಹಾಕೋದು. ಇಲ್ಲಿ ಟೆಸ್ಟಿಗೆ ಕಾಯೋ ಹಂಗಿಲ್ಲ, ಅಲರ್ಜಿ ಜೋರಾದ್ರ ಕೊಡಾಕ ಅಡ್ರಿನಲಿನ್ ಕೈಯಾಗ ಇರಲಿ.

ದೃಷ್ಟಿ ಮಂಜಾದ್ರ ಕಣ್ಣು ಉಳಿಸಾಕ ಇರೋದು 60–90 ನಿಮಿಷ ಅಷ್ಟ. ಬಾಗಲಕೋಟೆಯಿಂದ ಬೆಳಗಾವಿ ಮುಟ್ಟೂದ್ರಾಗ ಅದು ಮುಗದಿರತದ. ಅದಕ್ಕ ಊರಾಗಿನ ಕಣ್ಣಿನ ಡಾಕ್ಟರ್ ನಂಬರ್ ಗೋಡೆ ಮ್ಯಾಲಿರಲಿ, ಮೂರ್ನಾಲ್ಕು ವಯಲ್ ಫ್ರಿಜ್ಜಿನಾಗ ಇಲ್ಲದಿದ್ರ ಫಿಲ್ಲರ್ ಮುಟ್ಟಬ್ಯಾಡ್ರಿ.

ಉತ್ತರ (ಔಷಧ ಅಂಗಡಿ, ವಿಜಯಪುರ)
ವಯಲ್ 2–8 ಡಿಗ್ರಿಯೊಳಗ, ಫ್ರಿಜ್ಜಿನ ನಡುವಿನ ಹಲಗಿ ಮ್ಯಾಲ ಇಡ್ರಿ. ಬಾಗಿಲದಾಗ ಬ್ಯಾಡ, ಫ್ರೀಜರಿನಾಗಂತೂ ಬ್ಯಾಡೇ ಬ್ಯಾಡ. ಬ್ಯಾಸಿಗ್ಯಾಗ ಪಾರ್ಸೆಲ್ ಬಂದ್ರ ಜೆಲ್ ಪ್ಯಾಕ್ ಇನ್ನೂ ತಣ್ಣಗದ ಏನು ಮುಟ್ಟಿ ನೋಡಿ ಸಹಿ ಮಾಡ್ರಿ. ಕರಗಿಸಿ ಉಳಿದದ್ದು ಅವತ್ತೇ ಚೆಲ್ಲೋದು.

ಪ್ರಶ್ನೆ ಕೇಳಿದವರು
ಚೀಟಿ ತರಿಸಿದೆ, ಹೈಲ್ಯುರಾನಿಕ್ ಆಸಿಡ್ಡೇ ಐತಿ. ಹೊಸ ಫಿಲ್ಲರ್ ಯಾವಾಗ ಹಾಕಬಹುದು ಮೇಡಂ?

ಉತ್ತರ (ಚರ್ಮವೈದ್ಯೆ, ಬೆಳಗಾವಿ)
ಕಡಿಮಿ ಅಂದ್ರ ಎರಡು ವಾರ. ಬಾವು ಪೂರ್ತಿ ಇಳೀಲಿ, ಫೋಟೋ ಹೋಲಿಸಿ ನೋಡಿ ಹಾಕ್ರಿ.