ಹಳ್ಳದ ಕಲ್ಲಡಿಯ ಹುಳುಗಳು ತೋಟದ ಕೆಳಗೆ ಬದಲಾಗುವುದೇಕೆ?

ತೋಟಿಗ (ಸಾಗರ ತಾಲ್ಲೂಕು) ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಒಂದು ಹಳ್ಳವಿದೆ. ಮೇಲಿನ ಕಾಡಿನಲ್ಲಿ ಹುಟ್ಟಿ, ತೋಟಕ್ಕೆ ಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಸೊಪ್ಪಿನ ಬೆಟ್ಟವನ್ನು ಬಳಸಿಕೊಂಡು, ತೋಟವನ್ನು ದಾಟಿ, ಸುಮಾರು ಒಂದು ಕಿಲೋಮೀಟರ್ ಕೆಳಗೆ ಗದ್ದೆ ಬಯಲಿಗೆ ಇಳಿಯುತ್ತದೆ. ಜನವರಿಯಲ್ಲಿ ಮಗಳ ಶಾಲೆಯ ಪ್ರಾಜೆಕ್ಟಿಗೆಂದು ಇಬ್ಬರೂ ಹಳ್ಳಕ್ಕಿಳಿದು ಕಲ್ಲುಗಳನ್ನು ಮಗುಚಿ ನೋಡಿದೆವು. ಕಾಡಿನಂಚಿನಲ್ಲಿ ಒಂದೊಂದು ಕಲ್ಲಿನಡಿಯಲ್ಲೂ ಬಾಲವುಳ್ಳ ಚಪ್ಪಟೆ ಹುಳುಗಳು ಕಂಡವು. ಎಲೆಯ ಎರಡು ತುಂಡುಗಳ ನಡುವೆ ಅಡಗಿ ತೆವಳುವ ಹುಳುಗಳೂ ಇದ್ದವು. ಗದ್ದೆಯ ಹತ್ತಿರ ಅವು ಒಂದೂ ಸಿಗಲಿಲ್ಲ. ಅಲ್ಲಿ ಕಲ್ಲುಗಳ ಸಂದಿಯೆಲ್ಲ ಹೂಳು ತುಂಬಿದ್ದು, ಅದರಲ್ಲಿ ಕೆಂಪು ದಾರದಂಥ ಹುಳುಗಳು ಮಾತ್ರ ಹೇರಳವಾಗಿದ್ದವು.

ಇದಕ್ಕೆ ನಮ್ಮ ತೋಟವೇ ಕಾರಣವೆಂದು ತಿಳಿಯಬೇಕೇ? ಕುದುರೆಮುಖದಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ ಅಡಿಕೆ ತೋಟದ ಬದಿಯ ತೊರೆಗಳಲ್ಲಿ ನಿತ್ಯಹರಿದ್ವರ್ಣ ಕಾಡಿನ ತೊರೆಗಳಿಗಿಂತಲೂ ಹೆಚ್ಚು ಬಗೆಯ ಕೀಟಗಳಿದ್ದವು ಎಂದು ಎಲ್ಲೋ ಓದಿದ ನೆನಪಿದೆ. ಅದು ನಿಜವಾದರೆ ನಾನು ಕಂಡದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಕಲ್ಲುಹೊಳೆ ಅವರ ಉತ್ತರ:

ತಾವು ಓದಿದ್ದು ಸರಿ. ಕೆ. ಎ. ಸುಬ್ರಮಣಿಯನ್, ಕೆ. ಜಿ. ಶಿವರಾಮಕೃಷ್ಣನ್ ಮತ್ತು ಮಾಧವ ಗಾಡ್ಗೀಳರು ಕುದುರೆಮುಖ ರಾಷ್ಟ್ರೀಯ ಉದ್ಯಾನದ ತೊರೆಗಳಲ್ಲಿ ನಡೆಸಿದ ಆ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ದಂಡೆಯಲ್ಲಿ ಅರೆ ನಿತ್ಯಹರಿದ್ವರ್ಣ ಕಾಡಿರುವ ತೊರೆಗಳಲ್ಲಿ ಕೀಟಗಳ ಕುಟುಂಬಗಳೂ ಕುಲಗಳೂ ಅತಿ ಹೆಚ್ಚಾಗಿದ್ದವು. ಜನವಸತಿ ಮತ್ತು ಅಡಿಕೆ ತೋಟಗಳ ಬದಿಯ ತೊರೆಗಳು ಈ ಲೆಕ್ಕದಲ್ಲಿ ನಿತ್ಯಹರಿದ್ವರ್ಣ ಕಾಡು ಮತ್ತು ಹುಲ್ಲುಗಾವಲಿನ ತೊರೆಗಳನ್ನು ಮೀರಿಸಿದ್ದವು. ಕುರುಚಲು ಭೂಮಿ ಹಾಗೂ ಕಬ್ಬಿಣದ ಅದಿರಿನ ಗಣಿಗಾರಿಕೆ ಇದ್ದ ಕಡೆ ಸಂಖ್ಯೆ ಎಲ್ಲಕ್ಕಿಂತ ಕಡಿಮೆಯಿತ್ತು. ಇಲ್ಲಿ ಹೋಲಿಸಿರುವುದು ಸಿಕ್ಕ ಹುಳುಗಳ ನೇರ ಎಣಿಕೆಯನ್ನಲ್ಲ ಎಂಬುದನ್ನು ಗಮನಿಸಬೇಕು. ಎಲ್ಲ ತೊರೆಗಳಿಂದಲೂ ಸಮಸಂಖ್ಯೆಯ ಹುಳುಗಳನ್ನು ಹಿಡಿದಿದ್ದರೆ ಎಷ್ಟು ಬಗೆಗಳು ದೊರೆಯುತ್ತಿದ್ದವು ಎಂದು ಲೆಕ್ಕ ಹಾಕಿ, ಆ ಅಂಕಿಗಳನ್ನು ಹೋಲಿಸಲಾಗಿದೆ.

ಆದರೆ ಎಷ್ಟು ಬಗೆ ಎಂಬುದರ ಜೊತೆಗೆ ಯಾವ ಬಗೆ ಎಂದೂ ಕೇಳದಿದ್ದರೆ ಈ ಅಂಕಿಗಳು ದಾರಿ ತಪ್ಪಿಸುತ್ತವೆ. ದಟ್ಟ ಕಾಡಿನ ಚಿಕ್ಕ ತೊರೆಗೆ ಬಿಸಿಲು ಬೀಳುವುದೇ ಅಪರೂಪ. ಅಲ್ಲಿ ಪಾಚಿ ಅಷ್ಟಾಗಿ ಬೆಳೆಯುವುದಿಲ್ಲ. ಉದುರಿದ ಎಲೆಯೇ ಅಲ್ಲಿನ ಮೂಲ ಆಹಾರ. ತಾವು ಕಂಡ ಎರಡೆಲೆಯ ಗೂಡಿನ ಹುಳು ಬಹುಶಃ ಅನಿಸೊಸೆಂಟ್ರೋಪಸ್ ಎಂಬ ಕುಲದ ಕ್ಯಾಡಿಸ್ (ಪತಂಗದಂಥ ಒಂದು ಕೀಟ) ಮರಿ. ಅದಕ್ಕೆ ಎಲೆಯೇ ಊಟ, ಎಲೆಯೇ ಮನೆ. ಮರಗಳ ನೆರಳು ಸ್ವಲ್ಪ ಬಿರಿದರೆ ಕಲ್ಲಿನ ಮೇಲೆ ಪಾಚಿ ಹಿಡಿದು, ಅದನ್ನು ಕೆರೆದು ತಿನ್ನುವ ಮೇಫ್ಲೈ (ಮರಿಯಾಗಿ ನೀರಿನಲ್ಲಿ ಬೆಳೆದು ಆಮೇಲೆ ಹಾರುವ ಕೀಟ) ಮರಿಗಳೂ ನೀರು ಜೀರುಂಡೆಗಳೂ ಬಂದು ಸೇರುತ್ತವೆ. ಎಲೆ ತಿನ್ನುವವುಗಳು ಇನ್ನೂ ಉಳಿದಿರುವಾಗಲೇ ಪಾಚಿ ಕೆರೆಯುವವುಗಳೂ ಬಂದರೆ ಒಟ್ಟು ಬಗೆ ಹೆಚ್ಚುತ್ತದೆ. ಹಳೆಯ ಕಾಲದ ಅಡಿಕೆ ತೋಟದ ಬದಿಯಲ್ಲಿ, ದಂಡೆಯ ಮರಗಳನ್ನು ಉಳಿಸಿಕೊಂಡಿದ್ದಲ್ಲಿ, ಇಂಥ ಸ್ಥಿತಿ ಇರುವುದು ಸಾಧ್ಯ. ಇದು ನನ್ನ ಊಹೆ. ಇದನ್ನು ಹಿಡಿದುಕೊಂಡು ಕಾಡಿಗಿಂತ ತೋಟವೇ ಮೇಲೆಂದು ಯಾರಾದರೂ ವಾದಿಸಿದರೆ ನಾನು ಒಪ್ಪಲಾರೆ. ಪೀಟರ್ಸುಲಾ, ಎಡ್ಮಂಡ್ಸುಲಾ, ನಥನೆಲ್ಲಾದಂಥ ಮೇಫ್ಲೈ ಕುಲಗಳು ದಕ್ಷಿಣ ಭಾರತದ ಬೆಟ್ಟದ ತೊರೆಗಳಿಗೆ ಸೇರಿದವು; ಎಲ್ಲಿ ಬೇಕಾದರೂ ಬದುಕಬಲ್ಲ ಹತ್ತು ಬಗೆಗಳು ಅಂಥ ಒಂದು ಕುಲದ ಸ್ಥಾನವನ್ನು ತುಂಬಲಾರವು.

ಇನ್ನು ತಮ್ಮ ಹಳ್ಳದ ವಿಷಯ. ಕೆಂಪು ದಾರದಂಥ ಹುಳುಗಳು ಬಹುಶಃ ಕೈರೊನೊಮಿಡೆ ಕುಟುಂಬದ ನೊಣಗಳ ಮರಿಗಳು. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲೂ ಅವು ಬದುಕುತ್ತವೆ. ತಾವು ಕಾಡಿನಂಚಿನಲ್ಲಿ ಕಂಡ ಚಪ್ಪಟೆ ಹುಳುಗಳು ಮೇಫ್ಲೈಗಳ ಮತ್ತು ಅವುಗಳಂತೆಯೇ ನೀರಿನಲ್ಲಿ ಬೆಳೆಯುವ ಸ್ಟೋನ್‌ಫ್ಲೈ ಎಂಬ ಕೀಟಗಳ ಮರಿಗಳಿರಬೇಕು. ಅವುಗಳ ಕಿವಿರುಗಳಿಗಾದರೋ ಓಡುವ ನೀರು ಬೇಕು, ಮೈ ಅಡಗಿಸಿಕೊಳ್ಳಲು ಕಲ್ಲುಗಳ ನಡುವೆ ಸಂದಿ ಬೇಕು. ಹೂಳು ಆ ಸಂದಿಗಳನ್ನು ಮುಚ್ಚಿದ ಮೇಲೆ ನೀರು ಎಷ್ಟೇ ತಿಳಿಯಾಗಿದ್ದರೂ ಅವು ಅಲ್ಲಿ ಉಳಿಯುವುದಿಲ್ಲ. ಆದ್ದರಿಂದ ಮೊದಲು ಹುಡುಕಬೇಕಾದದ್ದು ಹೂಳಿನ ಮೂಲವನ್ನು. ಅದು ತೋಟದ ಬಸಿಗಾಲುವೆಯಿಂದ ಬರುತ್ತಿದೆಯೋ, ಹೊಸದಾಗಿ ಜೆಸಿಬಿಯಿಂದ ಕಡಿದ ರಸ್ತೆಯಿಂದಲೋ, ಉತ್ತ ಗದ್ದೆಯಿಂದಲೋ?

ಕಾಫಿಗಿಡ (ಮೂಡಿಗೆರೆ) ಅವರ ಉತ್ತರ:

ಕಲ್ಲುಹೊಳೆಯವರ ಮಾತಿಗೆ ನನ್ನ ಸಹಮತವಿದೆ. ಆದರೆ ಹೂಳಿನಷ್ಟೇ ಮುಖ್ಯವಾದ ಇನ್ನೆರಡು ಸಂಗತಿಗಳನ್ನು ಬೆಳೆಗಾರನಾಗಿ ಸೇರಿಸಬಯಸುತ್ತೇನೆ. ಅಡಿಕೆಯ ಕೊಳೆ ರೋಗಕ್ಕೆ ನಾವು ಮಳೆಗಾಲಕ್ಕೆ ಮೊದಲೊಮ್ಮೆ, ಮತ್ತೆ 40-45 ದಿನಗಳಿಗೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತಾಮ್ರವು ಮೇಫ್ಲೈ ಮರಿಗಳಿಗೆ ವಿಷ. ಗೊನೆಗೆ ಹೊಡೆದದ್ದು ಮಳೆ ನೀರಿನಲ್ಲಿ ತೆಳುವಾಗಿ ಹೋಗಬಹುದು. ಆದರೆ ಡ್ರಮ್ಮನ್ನು ಹಳ್ಳದಲ್ಲೇ ಅದ್ದಿ ತೊಳೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ನಾನೂ ವರ್ಷಗಟ್ಟಲೆ ಹಾಗೆ ಮಾಡಿದ್ದೇನೆ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಈಗ ತೊಳೆದ ನೀರನ್ನು ತೋಟದೊಳಗಿನ ಗುಂಡಿಗೆ ಬಿಡುತ್ತೇನೆ.

ಎರಡನೆಯದು ನಮ್ಮ ಕಡೆಯ ಪಲ್ಪಿಂಗ್ ನೀರು. ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಬೀಜಕ್ಕಂಟಿದ ಲೋಳೆಯನ್ನು ತೊಳೆದ ನೀರಿನಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ತುಂಬಿರುತ್ತವೆ. ಅದು ಹುಳಿಯುವಾಗ ಹಳ್ಳದ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತದೆ. ಕೊಯ್ಲು ನಡೆಯುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಫೆಬ್ರವರಿಯವರೆಗೆ. ಹಳ್ಳದಲ್ಲಿ ನೀರು ಇಳಿಯುತ್ತಾ ಬರುವ ಸಮಯವೂ ಅದೇ. ಒಬ್ಬರ ಒಂದು ದಿನದ ನೀರು ಹಳ್ಳಕ್ಕೆ ಬಿದ್ದರೂ ಸಾಕು, ಕಲ್ಲುಗಳ ಮೇಲೆ ಬೂದು ಲೋಳೆ ಹತ್ತಿ, ಕೆಂಪು ಹುಳುಗಳ ಹೊರತು ಬೇರೇನೂ ಕಾಣದಂತಾಗುತ್ತದೆ. ನೆರಳಿನ ಮರಗಳಿರುವ ಕಾಫಿ ತೋಟವನ್ನು ಕಾಡಿನ ತಮ್ಮನೆಂದು ಹೊಗಳುವುದುಂಟು. ಹಕ್ಕಿಗಳ ಮಟ್ಟಿಗೆ ಅದು ಒಪ್ಪತಕ್ಕ ಮಾತೇ ಇರಬಹುದು. ಹಳ್ಳದ ಮಟ್ಟಿಗೆ ಆ ಹೊಗಳಿಕೆ ಸಲ್ಲುವುದೋ ಇಲ್ಲವೋ ಎಂಬುದು ಪಲ್ಪರ್ ಮನೆಯ ಹಿಂದೆ ಹೋಗಿ ನೋಡಿದ ಮೇಲೆ ತೀರ್ಮಾನವಾಗಬೇಕು.

ಸಂಶಯಿ ಅವರ ಉತ್ತರ:

ಚರ್ಚೆ ಚೆನ್ನಾಗಿದೆ, ಆದರೂ ಒಂದು ತಕರಾರು. ಪ್ರಶ್ನೆ ಕೇಳಿದವರು ಹೋಲಿಸಿರುವುದು ಕಾಡಿನಂಚಿನ ಇಳಿಜಾರನ್ನು ಮತ್ತು ಗದ್ದೆ ಬಯಲಿನ ಸಮತಟ್ಟನ್ನು. ಯಾರೂ ಕೈಹಚ್ಚದ ಹೊಳೆಯಲ್ಲೂ ಕೆಳಗಿಳಿದಂತೆ ಪಾತ್ರ ಅಗಲವಾಗುತ್ತದೆ, ಹರಿವು ನಿಧಾನವಾಗುತ್ತದೆ, ನೀರು ಬೆಚ್ಚಗಾಗುತ್ತದೆ, ಅದಕ್ಕೆ ತಕ್ಕಂತೆ ಹುಳುಗಳೂ ಬದಲಾಗುತ್ತವೆ. ಹಾಗಿರುವಾಗ ಎಷ್ಟು ಪಾಲು ಭೂಮಿ ಬಳಕೆಯದು, ಎಷ್ಟು ಪಾಲು ಇಳಿಜಾರಿನದು ಎಂದು ಹೇಳುವುದು ಹೇಗೆ? ಕುದುರೆಮುಖದ ಅಧ್ಯಯನದಲ್ಲೇ ಸಹಜ ಹುಲ್ಲುಗಾವಲಿನ ತೊರೆಗಳಲ್ಲಿ ವೈವಿಧ್ಯ ಕಡಿಮೆಯಿತ್ತು, ಅಲ್ಲಿನ ಕೀಟ ಸಮುದಾಯವು ಗದ್ದೆಯ ತೊರೆಗಳದನ್ನು ಹೋಲುತ್ತಿತ್ತು. ಹುಲ್ಲುಗಾವಲನ್ನು ಯಾರೂ ಕೆಡಿಸಿದ್ದಲ್ಲ. ಕಡಿಮೆ ಎಂದ ಮಾತ್ರಕ್ಕೆ ಕೆಟ್ಟಿದೆ ಎಂದು ತೀರ್ಪು ಕೊಡಬಾರದು.

ಸಿಕ್ಕ ಹುಳುಗಳನ್ನು ನೋಡಿ ನೀರಿನ ಗುಣಕ್ಕೆ ಅಂಕ ಕೊಡಲು ಅಂತರ್ಜಾಲದಲ್ಲಿ ಸಿಗುವ ಅಂಕಪಟ್ಟಿಗಳನ್ನೂ ಎಚ್ಚರದಿಂದ ಬಳಸಬೇಕು. ಸ್ಟೋನ್‌ಫ್ಲೈಗಳ ಪರ್ಲಿಡೆ ಕುಟುಂಬಕ್ಕೆ 10 ಅಂಕ, ಕೈರೊನೊಮಿಡೆಗೆ 2 ಅಂಕ ಎಂದು ಕೊಡುವ ಬಿಎಂಡಬ್ಲ್ಯೂಪಿ (ಬಯಾಲಾಜಿಕಲ್ ಮಾನಿಟರಿಂಗ್ ವರ್ಕಿಂಗ್ ಪಾರ್ಟಿ) ಪದ್ಧತಿ ಹುಟ್ಟಿದ್ದು 1970ರ ದಶಕದ ಬ್ರಿಟನ್ನಿನಲ್ಲಿ, ಮುಖ್ಯವಾಗಿ ಕೊಳೆಯುವ ತ್ಯಾಜ್ಯದ ಮಾಲಿನ್ಯವನ್ನು ಅಳೆಯಲು. ತಾಮ್ರದ ವಿಷಕ್ಕಾಗಲಿ ಹೂಳಿಗಾಗಲಿ ಅದು ಅಷ್ಟೇ ನಂಬಿಕೆಯಿಂದ ಉತ್ತರ ಕೊಡುತ್ತದೆಂದು ಭಾವಿಸಲಾಗದು.

ತೋಟಿಗ ಅವರ ಮರುಪ್ರಶ್ನೆ:

ಮೂವರಿಗೂ ಕೃತಜ್ಞತೆಗಳು. ನಿನ್ನೆ ತೋಟದ ಬಸಿಗಾಲುವೆ ಹಳ್ಳಕ್ಕೆ ಸೇರುವ ಜಾಗವನ್ನು ನೋಡಿ ಬಂದೆ. ಅಲ್ಲಿ ಹೂಳಿನ ಗುರುತು ಅಷ್ಟಾಗಿ ಇಲ್ಲ. ಅದಕ್ಕಿಂತ ಕೆಳಗೆ, ದಂಡೆಯ ಹೊನ್ನೆ, ನೇರಳೆ ಮರಗಳನ್ನು ಕೆಲವು ವರ್ಷಗಳ ಹಿಂದೆ ಕಡಿದು ದಂಡೆಯವರೆಗೂ ಅಡಿಕೆ ಸಸಿ ಹಾಕಿದ ಕಡೆ ಮಣ್ಣು ಕುಸಿದಿದೆ. ಸಂಶಯಿಯವರ ತಕರಾರಿಗೆ ಉತ್ತರ ಸಿಗುವಂತೆ ಪರೀಕ್ಷಿಸಲು ಏನು ಮಾಡಬೇಕು? ಚಪ್ಪಟೆ ಹುಳುಗಳಲ್ಲಿ ಮೇಫ್ಲೈ ಯಾವುದು, ಸ್ಟೋನ್‌ಫ್ಲೈ ಯಾವುದು ಎಂಬುದೂ ನಮಗೆ ತಿಳಿಯುತ್ತಿಲ್ಲ. ಕೆಲವಕ್ಕೆ ಎರಡು ಬಾಲ, ಕೆಲವಕ್ಕೆ ಮೂರು.

ಕಲ್ಲುಹೊಳೆ ಅವರ ಉತ್ತರ:

ಸಂಶಯಿಯವರು ಹೇಳಿದ್ದು ನ್ಯಾಯವಾಗಿದೆ. ಅದಕ್ಕೇ ಗದ್ದೆ ಬಯಲನ್ನು ಸದ್ಯಕ್ಕೆ ಬಿಟ್ಟುಬಿಡಿ. ದಂಡೆ ಕುಸಿದ ಜಾಗದ ತುಸು ಮೇಲೆ ಒಂದು, ತುಸು ಕೆಳಗೆ ಒಂದು, ಹೀಗೆ ಇಳಿಜಾರೂ ಅಗಲವೂ ಕಲ್ಲುಗಳ ಗಾತ್ರವೂ ಒಂದೇ ತೆರನಾಗಿರುವ ಎರಡು ಜಾಗಗಳನ್ನು ಆರಿಸಿಕೊಳ್ಳಿ. ಎರಡೂ ಕಡೆ ನೀರು ನೊರೆಯಾಡುತ್ತ ಹರಿಯುವ ಕಲ್ಲುಹಾಸಿನಲ್ಲೇ ಹಿಡಿಯಿರಿ; ಒಂದು ಕಡೆ ಕಲ್ಲುಹಾಸು, ಇನ್ನೊಂದು ಕಡೆ ಮಡು ಆದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಅರ್ಧ ಮಿಲಿಮೀಟರ್ ಕಣ್ಣಿನ ಬಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದರ ಮುಂದೆ ಗಡಿಯಾರ ನೋಡಿಕೊಂಡು ಮೂರು ನಿಮಿಷ ಕಾಲಿನಿಂದ ಕಲ್ಲುಗಳನ್ನು ಕದಡಿ, ಬಲೆಗೆ ಬಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದು ಎಣಿಸಿ, ಫೋಟೋ ತೆಗೆದು, ಮತ್ತೆ ಹಳ್ಳಕ್ಕೇ ಬಿಡಿ. ಒಂದೇ ಸಲ ನೋಡಿ ನಿಲ್ಲಿಸಬೇಡಿ. ಮಳೆಗಾಲದ ನೆರೆ ಹುಳುಗಳನ್ನು ಕೊಚ್ಚಿಕೊಂಡು ಹೋಗುವುದರಿಂದ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು. ಕಾಡಿನೊಳಗೆ ಹಿಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ; ತಮ್ಮ ಜಮೀನಿನ ಅಂಚಿನಲ್ಲಿ ಈ ಎರಡು ಜಾಗಗಳೇ ಸಾಕು.

ಬಾಲ ನೋಡಿ ನಿರ್ಧರಿಸಬೇಡಿ. ಸ್ಟೋನ್‌ಫ್ಲೈ ಮರಿಗೆ ಎರಡೇ ಬಾಲವಿರುವುದು ನಿಜ, ಆದರೆ ಎರಡು ಬಾಲದ ಮೇಫ್ಲೈಗಳೂ ಇವೆ. ಮಗಳ ಬಳಿ ಭೂತಗನ್ನಡಿ ಇದ್ದರೆ ಕಾಲಿನ ತುದಿಯನ್ನು ನೋಡಲು ಹೇಳಿ: ಮೇಫ್ಲೈ ಮರಿಗೆ ಪ್ರತಿ ಕಾಲಿಗೂ ಒಂದು ಉಗುರು, ಸ್ಟೋನ್‌ಫ್ಲೈಗೆ ಎರಡು. ಮೇಫ್ಲೈಯ ಕಿವಿರುಗಳು ಹೊಟ್ಟೆಯ ಎರಡೂ ಬದಿಯಲ್ಲಿ ಎಲೆಗಳಂತೆ ಅಲುಗುತ್ತಿರುತ್ತವೆ. ನಮ್ಮ ಕಡೆ ಸಿಗುವ ಪರ್ಲಿಡೆ ಸ್ಟೋನ್‌ಫ್ಲೈಗಳಲ್ಲಿ ಅವು ಎದೆಯ ಕೆಳಗೆ, ಕಾಲುಗಳ ಬುಡದಲ್ಲಿ ಕೂದಲ ಗೊಂಚಲಿನಂತಿರುತ್ತವೆ. ಕುಸಿದ ದಂಡೆಯ ಮೇಲುಗಡೆ ಈ ಚಪ್ಪಟೆ ಮರಿಗಳು ಸಿಕ್ಕು, ಕೆಳಗಡೆ ಪ್ರತಿ ತಿಂಗಳೂ ಸಿಗದೇ ಹೋದರೆ ಆ ದಂಡೆಯನ್ನು ಇಳಿಜಾರಿನ ನೆಪ ಹೇಳಿ ಬಿಟ್ಟುಬಿಡಲಾಗದು.

ಇನ್ನೊಂದು ಮಾತು. ಸೊಪ್ಪಿನ ಬೆಟ್ಟದಿಂದ ದರಗು ಗುಡಿಸಿ ತರುವಾಗ ಹಳ್ಳದ ಎರಡೂ ಬದಿಯ ನಾಲ್ಕೈದು ಮಾರು ಜಾಗವನ್ನು ಮುಟ್ಟದೆ ಬಿಟ್ಟು ನೋಡಿ. ಎರಡೆಲೆಯ ಗೂಡಿನ ಹುಳುಗಳ ಎಣಿಕೆಯನ್ನು ಬೇರೆಯಾಗಿ ಬರೆದಿಟ್ಟುಕೊಂಡು, ಬರುವ ವರ್ಷದ ಅಂಕಿಯೊಂದಿಗೆ ಇಲ್ಲಿ ಹಾಕಿ.