ಆಯಿಲ್ ಪಾಸ್ಟೆಲ್ ಅಮೂರ್ತ ಚಿತ್ರದಲ್ಲಿ ಆಳ ಏಕೆ ಮೂಡುತ್ತಿಲ್ಲ?

ಕಡ್ಡಿಬಣ್ಣ:
ಕೆಲವು ತಿಂಗಳುಗಳಿಂದ ಎ3 ಹಾಳೆಯ ಮೇಲೆ, ಎಣ್ಣೆ-ಮೇಣ ಬೆರೆತ ಬಣ್ಣದ ಕಡ್ಡಿಗಳಾದ ಆಯಿಲ್ ಪಾಸ್ಟೆಲ್‌ನಲ್ಲಿ ಅಮೂರ್ತ ಚಿತ್ರಗಳನ್ನು ರಚಿಸುತ್ತಿದ್ದೇನೆ. ಬಿಸಿ ಬಣ್ಣಗಳು ಮುಂದೆ ಬರುತ್ತವೆ, ತಂಪು ಬಣ್ಣಗಳು ಹಿಂದೆ ಸರಿಯುತ್ತವೆ ಎಂಬ ಪಾಠವನ್ನು ನಂಬಿ, ನಡುವೆ ಕೆಂಪು, ಕಿತ್ತಳೆಗಳನ್ನೂ ಸುತ್ತಲೂ ನೀಲಿಯನ್ನೂ ತುಂಬಿದೆ. ಆದರೂ ಎಲ್ಲವೂ ಗೋಡೆಗೆ ಅಂಟಿಸಿದ ಬಣ್ಣದ ಕಾಗದದ ಚೂರುಗಳಂತೆ ಒಂದೇ ಮಟ್ಟದಲ್ಲಿ ಕಾಣುತ್ತಿವೆ. ಬಿಳಿ ಕಡ್ಡಿಯಿಂದ ತಿಕ್ಕಿ ಬೆರೆಸಿದರೆ ಚಿತ್ರವೇ ಮಂಕಾಗುತ್ತದೆ. ತಪ್ಪು ಎಲ್ಲಾಗುತ್ತಿದೆ ಎಂದು ಬಲ್ಲವರು ತಿಳಿಸುವಿರಾ?

ಅಂಚುಗೆರೆ:
ತಾವು ಕಲಿತ ಪಾಠ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಲಾವಿದ, ಶಿಕ್ಷಕ ಹಾನ್ಸ್ ಹಾಫ್‌ಮನ್ (1880–1966) ಚಿತ್ರದ ಅವಕಾಶವನ್ನು, ಅಂದರೆ ಚಿತ್ರದೊಳಗೆ ಕಣ್ಣಿಗೆ ತೋರುವ ಜಾಗವನ್ನು, ಬಣ್ಣಗಳ ನಡುವಿನ ತಳ್ಳಾಟ ಮತ್ತು ಸೆಳೆತವೆಂದು ವಿವರಿಸುತ್ತಿದ್ದರು. ಯಾವ ಬಣ್ಣಕ್ಕೂ ತನ್ನದೇ ಆದ ಖಾಯಂ ಜಾಗವಿಲ್ಲ. ಮಾಸಲು ಇಟ್ಟಿಗೆಗೆಂಪಿನ ನಡುವೆ ಚೂಪಾದ ಅಂಚಿನ, ತೀಕ್ಷ್ಣವಾದ ನೀಲಿಯ ತುಂಡೊಂದನ್ನು ಇಟ್ಟು ನೋಡಿ, ನೀಲಿಯೇ ಮುಂದಕ್ಕೆ ಬರುತ್ತದೆ. ತಮ್ಮ ಚಿತ್ರದಲ್ಲಿ ಎಲ್ಲ ಬಣ್ಣಗಳೂ ಒಂದೇ ತೀಕ್ಷ್ಣತೆಯವು, ಎಲ್ಲ ಅಂಚುಗಳೂ ಒಂದೇ ಹರಿತದವು ಎಂದು ನನ್ನ ಊಹೆ. ಬಿಳಿಯನ್ನು ಎಲ್ಲೆಡೆ ಬೆರೆಸಿದಾಗ ಬೆಳಕು-ಕತ್ತಲೆಯ ಅಂತರವೂ ಕುಗ್ಗಿ, ಇದ್ದ ಆಳವೂ ಹೋಗುತ್ತದೆ. ಬಿಳಿಯ ಕಡ್ಡಿಯನ್ನು ಸ್ವಲ್ಪ ದಿನ ಪೆಟ್ಟಿಗೆಯಲ್ಲೇ ಬಿಟ್ಟು, ಬೂದು ಬಣ್ಣದ ಹಾಳೆಯ ಮೇಲೆ ಪ್ರಯತ್ನಿಸಿ, ಹಾಳೆಯನ್ನು ಅಲ್ಲಲ್ಲಿ ಬರಿದಾಗಿಯೇ ಬಿಡಿ.

ಮೇಣದಬತ್ತಿ:
ಮಾಧ್ಯಮದ ಸ್ವಭಾವವನ್ನೂ ಗಮನಿಸಬೇಕು. ಆಯಿಲ್ ಪಾಸ್ಟೆಲ್‌ನಲ್ಲಿರುವ ಎಣ್ಣೆ, ತೈಲವರ್ಣದಲ್ಲಿ ಬಳಸುವ ಅಗಸೆ ಎಣ್ಣೆಯಂತೆ ಒಣಗಿ ಗಟ್ಟಿಯಾಗುವುದಿಲ್ಲವಾದ್ದರಿಂದ ಕೆಳಗಿನ ಪದರ ಮೆತ್ತಗೇ ಉಳಿದು, ಮೇಲೆ ಒತ್ತಿ ಹಚ್ಚಿದ ಬಣ್ಣದೊಂದಿಗೆ ಸೇರಿ ಕೆಸರಾಗುತ್ತದೆ. ಪಿಕಾಸೊ ಅವರಿಗಾಗಿ ಕಲಾವಿದ ಆನ್ರಿ ಗೋಟ್ಜ್ ಕೇಳಿಕೊಂಡ ಮೇಲೆ 1949ರಲ್ಲಿ ಫ್ರಾನ್ಸಿನ ಬಣ್ಣ ತಯಾರಕ ಸಂಸ್ಥೆ ಸೆನೆಲಿಯರ್ ತಯಾರಿಸಿದಂತಹ ಮೆತ್ತನೆಯ ಕಡ್ಡಿಗಳನ್ನು ಕೊನೆಗೆ ಇರಿಸಿಕೊಂಡು, ವಿದ್ಯಾರ್ಥಿಗಳ ಗಟ್ಟಿ ಕಡ್ಡಿಗಳಿಂದ ತೆಳುವಾಗಿ ಆರಂಭಿಸುವುದು ಒಳ್ಳೆಯದು. ತಿಳಿಬಣ್ಣದ ಮೇಲೆ ಗಾಢ ಬಣ್ಣ ಹಚ್ಚಿ ಮೊಂಡು ಚಾಕುವಿನಿಂದ ಕೆರೆದರೂ ಅವಕಾಶ ತೆರೆದುಕೊಳ್ಳುತ್ತದೆ. ಕೆರೆದ ಗೆರೆ ವಾಸ್ತವದಲ್ಲಿ ಕೆಳಗಿನ ಪದರದ್ದು, ಕಣ್ಣಿಗೆ ಮಾತ್ರ ಎಲ್ಲಕ್ಕಿಂತ ಮುಂದೆ ಕಾಣುತ್ತದೆ. ಈ ಮೋಜು ಬೇರೆ ಮಾಧ್ಯಮಗಳಲ್ಲಿ ಇಷ್ಟು ಸುಲಭವಾಗಿ ಸಿಗದು.

ತಿಳಿನೀರು:
ಆಳವೆಂದರೆ ಬಣ್ಣಗಳ ಜಗಳವೇ ಆಗಬೇಕೆಂದಿಲ್ಲ ಎಂಬುದಷ್ಟೇ ನನ್ನ ತಕರಾರು. ತಮ್ಮ ಕೃತಿಗಳನ್ನು ಅಮೂರ್ತವೆಂದು ಕರೆಯಲು ಒಪ್ಪದಿದ್ದ ಭಾರತೀಯ ಚಿತ್ರಕಾರ ವಿ. ಎಸ್. ಗಾಯತೊಂಡೆ ರೋಲರ್ ಮತ್ತು ಪ್ಯಾಲೆಟ್ ಚಾಕುವಿನಿಂದ ತೈಲವರ್ಣವನ್ನು ಹಚ್ಚಿ, ಕೆರೆದು, ಹೆಚ್ಚುಕಡಿಮೆ ಒಂದೇ ಬಣ್ಣದ ಛಾಯೆಗಳಲ್ಲಿ ನೀರಿನಾಳದಂತಹ ಅವಕಾಶವನ್ನು ಸೃಷ್ಟಿಸಿದರು. ಕೆಂಪು-ನೀಲಿಗಳ ಬದಲು ಮೂರು ಹಸಿರುಗಳಲ್ಲೇ ಒಂದು ಚಿತ್ರ ಮಾಡಿ ನೋಡಿ.

ಕಡ್ಡಿಬಣ್ಣ:
ಎಲ್ಲರಿಗೂ ಧನ್ಯವಾದಗಳು. ಬೂದು ಹಾಳೆಯ ಮೇಲೆ ಪ್ರಯತ್ನಿಸಿದೆ, ನೀಲಿ ನಿಜಕ್ಕೂ ಮುಂದೆ ಬಂತು. ಆದರೆ ಎಡಗಡೆ ಬರಿದಾಗಿ ಬಿಟ್ಟ ಜಾಗ ಈಗ ಚಿತ್ರದಲ್ಲೊಂದು ತೂತಿನಂತೆ ಕಾಣುತ್ತಿದೆ. ಅದರ ಅಂಚನ್ನು ಬೆರಳಿನಿಂದ ಮೃದುಗೊಳಿಸಿ, ನಾಳೆ ಹಸಿರುಗಳಿಗೆ ಕೈ ಹಾಕುತ್ತೇನೆ.