ಮನೆಯ ವಿದ್ಯುತ್ ಬಿಲ್ಲನ್ನು ಓದುವುದು ಹೇಗೆ? ಸದಸ್ಯರ ಪ್ರಶ್ನೆಗಳು, ವಿದ್ಯುತ್ ಗುತ್ತಿಗೆದಾರರ ಉತ್ತರಗಳು

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ನಮಸ್ಕಾರ ಸರ್. ನಮ್ಮದು ನಾಲ್ಕು ಜನರ ಮನೆ, ಮಂಜೂರಾದ ಲೋಡ್ 3 ಕಿಲೋವ್ಯಾಟ್. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ನಮಗೆ ತಿಂಗಳಿಗೆ 154 ಯೂನಿಟ್ ಅರ್ಹತೆ ಇದೆ. 2025ರ ಮಾರ್ಚ್ ತಿಂಗಳಲ್ಲಿ 196 ಯೂನಿಟ್ ಬಳಸಿ ಸುಮಾರು 270 ರೂಪಾಯಿ ಕಟ್ಟಿದ್ದೆವು. ಏಪ್ರಿಲ್‌ನಲ್ಲಿ 228 ಯೂನಿಟ್ ಆಗಿದೆ, ಬಿಲ್ ಎರಡು ಸಾವಿರದ ಹತ್ತಿರ ಬಂದಿದೆ. ಕೇವಲ 32 ಯೂನಿಟ್ ಹೆಚ್ಚಾದುದಕ್ಕೆ ಇಷ್ಟೊಂದು ಹಣವೇ? ಮೀಟರ್ ತಪ್ಪಾಗಿ ಓಡುತ್ತಿರಬಹುದೇ?

ಉತ್ತರ: ನಮಸ್ಕಾರ. ನೀವು ಕೊಟ್ಟಿರುವ ಅಂಕಿಗಳನ್ನು ನೋಡಿದರೆ ಮೀಟರನ್ನು ಅನುಮಾನಿಸುವ ಕಾರಣ ಕಾಣುವುದಿಲ್ಲ. ನಿಮ್ಮ ಬಳಕೆ 200 ಯೂನಿಟ್‌ನ ಗಡಿಯನ್ನು ದಾಟಿದೆ, ವ್ಯತ್ಯಾಸಕ್ಕೆ ಅದೇ ಕಾರಣ.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅಲ್ಲಿ ಎರಡು ಗಡಿಗಳಿವೆ. ಮೊದಲನೆಯದು ನಿಮ್ಮ ಅರ್ಹತೆ: 2022-23ನೇ ಸಾಲಿನ ನಿಮ್ಮ ತಿಂಗಳ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ಅದನ್ನು ನಿಗದಿ ಮಾಡಲಾಗಿದೆ. ನಿಮ್ಮ ಸರಾಸರಿ 140 ಇದ್ದಿರಬೇಕು, ಆದ್ದರಿಂದ 154 ಬಂದಿದೆ. ಎರಡನೆಯದು 200 ಯೂನಿಟ್. ಬಳಕೆ ಈ ಎರಡರ ನಡುವೆ ಇದ್ದರೆ ಅರ್ಹತೆಯನ್ನು ಮೀರಿದ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. ಮಾರ್ಚ್‌ನಲ್ಲಿ ನಿಮಗೆ ಹೆಚ್ಚಾದದ್ದು 42 ಯೂನಿಟ್. ಆಗಿನ ದರ 5 ರೂಪಾಯಿ 90 ಪೈಸೆಯಂತೆ 247 ರೂಪಾಯಿ 80 ಪೈಸೆ, ಅದರ ಮೇಲೆ ಶೇ 9ರ ತೆರಿಗೆ ಸೇರಿ 270 ರೂಪಾಯಿ. ಆದರೆ 200ನ್ನು ಒಂದು ಯೂನಿಟ್ ದಾಟಿದರೂ ಆ ತಿಂಗಳ ಮಟ್ಟಿಗೆ ಉಚಿತದ ಲಾಭ ಪೂರ್ತಿ ಹೋಗಿ, ಮೊದಲನೇ ಯೂನಿಟ್‌ನಿಂದ ಲೆಕ್ಕ ಶುರುವಾಗುತ್ತದೆ.

ಈಗ ಏಪ್ರಿಲ್ ಬಿಲ್ಲನ್ನು ಸಾಲು ಸಾಲಾಗಿ ನೋಡೋಣ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶದಂತೆ 2025-26ನೇ ಸಾಲಿಗೆ, ಅಂದರೆ 2025ರ ಏಪ್ರಿಲ್‌ನಿಂದ, ಮನೆ ಬಳಕೆಗೆ ನಿಗದಿತ ಶುಲ್ಕ ಮಂಜೂರಾದ ಲೋಡಿನ (ಒಂದೇ ಸಮಯದಲ್ಲಿ ಬಳಸಲು ಅನುಮತಿ ಇರುವ ಗರಿಷ್ಠ ಪ್ರಮಾಣದ) ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ, ವಿದ್ಯುತ್ ಶುಲ್ಕ ಪ್ರತಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ನಿಮ್ಮ 3 ಕಿಲೋವ್ಯಾಟ್‌ಗೆ 435 ರೂಪಾಯಿ. 228 ಯೂನಿಟ್‌ಗೆ 1,322 ರೂಪಾಯಿ 40 ಪೈಸೆ. ಆ ವಿದ್ಯುತ್ ಶುಲ್ಕದ ಮೇಲೆ ಶೇ 9ರಂತೆ ತೆರಿಗೆ 119 ರೂಪಾಯಿ 2 ಪೈಸೆ. ಇದರ ಜೊತೆಗೆ ವಿದ್ಯುತ್ ಪ್ರಸರಣ ನಿಗಮ ಮತ್ತು ಎಸ್ಕಾಂಗಳ (ಮನೆಗಳಿಗೆ ವಿದ್ಯುತ್ ಸರಬರಾಜು ಮಾಡುವ ಕಂಪನಿಗಳ) ನೌಕರರ ಪಿಂಚಣಿ ಹಾಗೂ ಗ್ರಾಚ್ಯುಟಿಗಾಗಿ ಪ್ರತಿ ಯೂನಿಟ್‌ಗೆ 36 ಪೈಸೆಯ ಹೊಸ ಸಾಲೊಂದು ಏಪ್ರಿಲ್‌ನಿಂದಲೇ ಸೇರಿದೆ; ಅದು 82 ರೂಪಾಯಿ 8 ಪೈಸೆ. ಒಟ್ಟು 1,958 ರೂಪಾಯಿ 50 ಪೈಸೆ. ಉಳಿದ ಸಣ್ಣ ವ್ಯತ್ಯಾಸ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆಯದು. ಕಲ್ಲಿದ್ದಲಿನ ಬೆಲೆ ಮತ್ತು ಹೊರಗಿನಿಂದ ಕೊಳ್ಳುವ ವಿದ್ಯುತ್ತಿನ ಬೆಲೆ ಆಯೋಗ ಒಪ್ಪಿದ ಅಂದಾಜಿಗಿಂತ ಹೆಚ್ಚಾದರೆ ಅದನ್ನು ಯೂನಿಟ್‌ಗೆ ಇಷ್ಟು ಪೈಸೆ ಎಂದು ವಸೂಲು ಮಾಡುತ್ತಾರೆ, ಕಡಿಮೆಯಾದರೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಇದು ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಬಿಲ್ಲಿನಲ್ಲಿ ಮುದ್ರಿಸಿರುವ ಪೈಸೆಯನ್ನೇ ನೋಡಬೇಕು.

32 ಯೂನಿಟ್ ಎಲ್ಲಿಂದ ಬಂತು ಎಂಬುದೂ ಮುಖ್ಯ. ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಕೂಲರ್ ಇಲ್ಲದೆ ರಾತ್ರಿ ಕಳೆಯುವುದು ಕಷ್ಟ. 1,000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಆ ಲೆಕ್ಕದಲ್ಲಿ 200 ವ್ಯಾಟ್‌ನ ಕೂಲರ್ ದಿನಕ್ಕೆ ಎಂಟು ಗಂಟೆ, ಇಪ್ಪತ್ತು ದಿನ ಓಡಿದರೆ ಸರಿಯಾಗಿ 32 ಯೂನಿಟ್ ಆಗುತ್ತದೆ. ಅದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಸೆಕೆಯಲ್ಲಿ ಮಕ್ಕಳು, ವಯಸ್ಸಾದವರು ನಿದ್ದೆ ಕೆಡುವುದು ಬೇಡ. ಬದಲಿಗೆ 2,000 ವ್ಯಾಟ್‌ನ ಗೀಸರ್ ಕಡೆ ನೋಡಿ. ಅದು ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಬೇಸಿಗೆಯಲ್ಲಿ ಅದನ್ನು ಬಂದ್ ಮಾಡಿದರೆ ಕೂಲರ್ ಇಟ್ಟುಕೊಂಡೇ ನೀವು 200ರ ಒಳಗೆ ಉಳಿಯಬಹುದು. ಹಾಗೆಯೇ ಹಿಂದಿನ ಮಾಪನ ಮತ್ತು ಇಂದಿನ ಮಾಪನದ ದಿನಾಂಕಗಳ ನಡುವೆ ಎಷ್ಟು ದಿನಗಳಿವೆ ಎಂದು ಎಣಿಸಿ. ದಿನಕ್ಕೆ ಏಳೆಂಟು ಯೂನಿಟ್ ಬಳಸುವ ಮನೆಯಲ್ಲಿ ಮೂರು ದಿನ ತಡವಾಗಿ ರೀಡಿಂಗ್ ತೆಗೆದರೂ ಇಪ್ಪತ್ತಕ್ಕಿಂತ ಹೆಚ್ಚು ಯೂನಿಟ್ ಸೇರುತ್ತದೆ. ದಿನಗಳು ಹೆಚ್ಚಿದ್ದರೆ ಬಿಲ್ ಹಿಡಿದು ಎಸ್ಕಾಂನ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ (ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ): ಸರ್, ನಮ್ಮ ಹಳೆಯ ಮನೆಗೆ ಬೀಗ ಹಾಕಿ ಬಹಳ ತಿಂಗಳಾಯಿತು. ಗೃಹಜ್ಯೋತಿ ನಾವಿರುವ ಮನೆಗೆ ಇದೆ, ಇದಕ್ಕೆ ಇಲ್ಲ. ಒಂದು ಯೂನಿಟ್ ಕೂಡ ಬಳಸದಿದ್ದರೂ ತಿಂಗಳಿಗೆ 580 ರೂಪಾಯಿ ಬರುತ್ತಿದೆ. ಬಳಸದ ವಿದ್ಯುತ್ತಿಗೆ ಹಣ ಕೇಳುವುದು ನ್ಯಾಯವೇ?

ಉತ್ತರ: ಅಮ್ಮ, ಆ 580 ರೂಪಾಯಿ ನಿಗದಿತ ಶುಲ್ಕ. ಅಂದರೆ 2025-26ರ 145 ರೂಪಾಯಿ ದರದಂತೆ ಆ ಮನೆಯ ಮಂಜೂರಾದ ಲೋಡ್ 4 ಕಿಲೋವ್ಯಾಟ್. ಬಿಲ್ಲಿನಲ್ಲಿ ಎರಡು ಬೇರೆ ಬೇರೆ ಅಳತೆಗಳಿವೆ: ಯೂನಿಟ್ ಎಂದರೆ ನೀವು ಬಳಸಿದ ವಿದ್ಯುತ್ತು, ಕಿಲೋವ್ಯಾಟ್ ಎಂದರೆ ಒಂದೇ ಸಮಯದಲ್ಲಿ ಗರಿಷ್ಠ ಎಷ್ಟು ಬಳಸಲು ನಿಮಗೆ ಅನುಮತಿ ಇದೆ ಎಂಬುದು. ನೀವು ಸ್ವಿಚ್ ಹಾಕಿದರೂ ಹಾಕದಿದ್ದರೂ ಆ 4 ಕಿಲೋವ್ಯಾಟ್‌ಗೆ ಬೇಕಾದ ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ಸಿದ್ಧವಾಗಿರಬೇಕು, ಅವನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಸಂಬಳವಾಗಬೇಕು. ಉಷ್ಣ ವಿದ್ಯುತ್ ಸ್ಥಾವರಗಳಿಗೂ ಸಹ, ಎಸ್ಕಾಂಗಳು ವಿದ್ಯುತ್ ಪಡೆಯದ ತಿಂಗಳಲ್ಲಿಯೂ ಒಪ್ಪಂದದಂತೆ ಸಾಮರ್ಥ್ಯದ ಶುಲ್ಕ ಕಟ್ಟಬೇಕಾಗುತ್ತದೆ. ಆದ್ದರಿಂದ ಈ ಶುಲ್ಕವನ್ನು ಅನ್ಯಾಯವೆನ್ನಲು ನನಗೆ ಮನಸ್ಸಾಗುವುದಿಲ್ಲ. ಆದರೆ 2024ರಲ್ಲಿ 120 ರೂಪಾಯಿ ಇದ್ದದ್ದು ಒಂದೇ ವರ್ಷದಲ್ಲಿ 145 ಆಗಿರುವುದರಿಂದ ಕಡಿಮೆ ಬಳಸುವವರ ಮೇಲೆ ಹೊರೆ ಹೆಚ್ಚಾಗಿ ಬಿದ್ದಿದೆ ಎಂಬುದು ನಿಜ.

ನಿಮ್ಮ ಕೈಯಲ್ಲಿ ಒಂದು ದಾರಿ ಇದೆ. ಲೋಡನ್ನು ಕಡಿಮೆ ಮಾಡಿಸಿಕೊಳ್ಳಲು ಅರ್ಜಿ ಹಾಕಬಹುದು. 4ರಿಂದ 2 ಕಿಲೋವ್ಯಾಟ್‌ಗೆ ಇಳಿದರೆ ಅದೇ 145 ರೂಪಾಯಿ ದರದಲ್ಲಿ ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ ಉಳಿಯುತ್ತದೆ. ಬೀಗ ಹಾಕಿದ ಮನೆಗೆ ಇದು ಖಂಡಿತ ಸೂಕ್ತ. ಆದರೆ ಇದನ್ನು ಓದುತ್ತಿರುವ ಉಳಿದವರು ಆತುರಪಡಬೇಡಿ. ಗೀಸರ್ 2,000 ವ್ಯಾಟ್, ಇಸ್ತ್ರಿ ಪೆಟ್ಟಿಗೆ 1,000 ವ್ಯಾಟ್, ಒಂದು ಎಚ್.ಪಿ. ಮೋಟರ್ ಸುಮಾರು 750 ವ್ಯಾಟ್. ಬೆಳಗಿನ ಹೊತ್ತು ಮೂರೂ ಒಟ್ಟಿಗೆ ಓಡುವ ಮನೆಗೆ 2 ಕಿಲೋವ್ಯಾಟ್ ಸಾಲದು. ಈಗಿನ ಡಿಜಿಟಲ್ ಮೀಟರ್‌ಗಳು ಗರಿಷ್ಠ ಬೇಡಿಕೆಯನ್ನೂ ದಾಖಲಿಸುತ್ತವೆ. ಅದು ಮಂಜೂರಾತಿಯನ್ನು ಮತ್ತೆ ಮತ್ತೆ ಮೀರಿದರೆ ದಂಡದ ಜೊತೆಗೆ ಲೋಡ್ ಹೆಚ್ಚಿಸಿಕೊಳ್ಳುವ ನೋಟಿಸ್ ಬರಬಹುದು. ಬಿಲ್ಲಿನಲ್ಲಿ ದಾಖಲಾದ ಬೇಡಿಕೆಯನ್ನು ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ ಗಮನಿಸಿದ ನಂತರವೇ ಅರ್ಜಿ ಹಾಕಿ. ಗೃಹಜ್ಯೋತಿಯಲ್ಲಿ ಪ್ರತಿ ತಿಂಗಳೂ ಶೂನ್ಯ ಬಿಲ್ ಬರುತ್ತಿರುವವರಿಗೆ ಲೋಡ್ ಇಳಿಸುವುದರಿಂದ ಸದ್ಯಕ್ಕೆ ಕೈಗೆ ಸಿಗುವ ಲಾಭವೇನೂ ಇಲ್ಲ.

ಪ್ರಶ್ನೆ (ಚಿತ್ರದುರ್ಗ): ನಾವು ಬಾಡಿಗೆದಾರರು. ಒಂದೇ ಕಟ್ಟಡದಲ್ಲಿ ಮೂರು ಸಂಸಾರಗಳಿದ್ದೇವೆ, ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಒಂದೇ. ಮಾಲೀಕರು ಒಳಗೆ ಸಬ್ ಮೀಟರ್ ಹಾಕಿ ಯೂನಿಟ್‌ಗೆ 10 ರೂಪಾಯಿ ತೆಗೆದುಕೊಳ್ಳುತ್ತಾರೆ. ನಾವು ತಿಂಗಳಿಗೆ 70 ಯೂನಿಟ್ ಕೂಡ ದಾಟುವುದಿಲ್ಲ. ನಮಗೆ ಉಚಿತ ವಿದ್ಯುತ್ ಸಿಗುವುದಿಲ್ಲವೇ? ಇನ್ನೊಂದು ಮಾತು: ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆ ಇಷ್ಟೊಂದು ಗಾಳಿಯಂತ್ರಗಳಿವೆ, ಆದರೂ ನಮಗೇಕೆ ದರ ಕಡಿಮೆಯಿಲ್ಲ?

ಉತ್ತರ: ಯೋಜನೆ ನೋಡುವುದು ಸಂಪರ್ಕವನ್ನು, ಅದರ ಹಿಂದಿರುವ ಸಂಸಾರಗಳ ಸಂಖ್ಯೆಯನ್ನಲ್ಲ. ಮೂರು ಮನೆಗಳ ಬಳಕೆ ಒಂದೇ ಮೀಟರ್‌ನಲ್ಲಿ ಕೂಡಿ 200 ದಾಟಿದರೆ ಮೂವರಿಗೂ ಲಾಭ ತಪ್ಪುತ್ತದೆ. ಇದು ಬಡ ಬಾಡಿಗೆದಾರರಿಗೆ ಆಗುತ್ತಿರುವ ದೊಡ್ಡ ನಷ್ಟ, ಇದನ್ನು ಮಾಲೀಕರು ಮನಸ್ಸು ಮಾಡಿದರೆ ಮಾತ್ರ ತಪ್ಪಿಸಬಹುದು. ಪ್ರತಿ ಮನೆಗೂ ಪ್ರತ್ಯೇಕ ಸಂಪರ್ಕ ಪಡೆಯಲು ಸಾಧ್ಯವೇ ಎಂದು ಅವರೊಡನೆ ಕೂತು ಮಾತನಾಡಿ. ಕಟ್ಟಡದ ಯಾವ ದಾಖಲೆಗಳು ಬೇಕು ಎಂಬುದನ್ನು ಅರ್ಜಿಗೆ ಮೊದಲೇ ಉಪವಿಭಾಗ ಕಚೇರಿಯಲ್ಲಿ ಕೇಳಿಕೊಳ್ಳಿ. ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್ ಅರ್ಹತೆ ಕೊಡುತ್ತಾರೆ. ನಿಮ್ಮ 70ರಲ್ಲಿ 12 ಯೂನಿಟ್‌ಗೆ ಮಾತ್ರ ಹಣ ಕಟ್ಟಿದಂತಾಗುತ್ತದೆ. ಬಾಡಿಗೆದಾರರು ತಮ್ಮ ಆಧಾರ್ ಮತ್ತು ಬಾಡಿಗೆ ಕರಾರಿನ ಮೂಲಕವೇ ನೋಂದಾಯಿಸಬಹುದು. ಮೊದಲು ಇದ್ದ ಮನೆಯಲ್ಲಿ ಆಧಾರ್ ಜೋಡಿಸಿದ್ದರೆ ಅದನ್ನು ಬಿಡಿಸಿಕೊಂಡು ಬನ್ನಿ, ಅದಕ್ಕೆ 2024ರಿಂದ ಅವಕಾಶವಿದೆ. ಅಲ್ಲಿಯವರೆಗೆ ಮುಖ್ಯ ಬಿಲ್ಲಿನ ಪ್ರತಿಯನ್ನು ತೋರಿಸುವಂತೆ ಮಾಲೀಕರನ್ನು ವಿನಯದಿಂದ ಕೇಳಿ. 2025-26ರ ದರದಂತೆ ವಿದ್ಯುತ್ ಶುಲ್ಕ, ತೆರಿಗೆ, ಪಿಂಚಣಿಯ ಪೈಸೆ ಸೇರಿದರೆ ಯೂನಿಟ್‌ಗೆ 6 ರೂಪಾಯಿ 68 ಪೈಸೆ ಆಗುತ್ತದೆ. ಅದರ ಮೇಲೆ ಹೊಂದಾಣಿಕೆಯ ಪೈಸೆ ಮತ್ತು ನಿಗದಿತ ಶುಲ್ಕದಲ್ಲಿ ನಿಮ್ಮ ಪಾಲನ್ನು ಸೇರಿಸಿ ನೋಡಿದರೆ 10 ರೂಪಾಯಿ ಹೆಚ್ಚೋ ಅಲ್ಲವೋ ತಿಳಿಯುತ್ತದೆ.

ಗಾಳಿಯಂತ್ರಗಳ ವಿದ್ಯುತ್ತು ನೇರವಾಗಿ ಊರಿಗೆ ಹರಿಯುವುದಿಲ್ಲ, ರಾಜ್ಯದ ಜಾಲಕ್ಕೆ ಸೇರುತ್ತದೆ. ಚಿತ್ರದುರ್ಗವಾಗಲಿ ದಾವಣಗೆರೆಯಾಗಲಿ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ (ಬೆಸ್ಕಾಂ) ವ್ಯಾಪ್ತಿಯಲ್ಲಿವೆ, ದರವನ್ನು ಆಯೋಗವು ಎಲ್ಲರಿಗೂ ಒಂದೇ ಆಗಿ ನಿಗದಿ ಮಾಡುತ್ತದೆ.

ಪ್ರಶ್ನೆ (ಹರಪನಹಳ್ಳಿ ರಸ್ತೆ, ದಾವಣಗೆರೆ): ಹೆಚ್ಚುವರಿ ಭದ್ರತಾ ಠೇವಣಿ ಎಂದು ಪ್ರತ್ಯೇಕವಾಗಿ ಹಣ ಕೇಳಿದ್ದಾರೆ. ಅದು ವಾಪಸ್ ಬರುತ್ತದೆಯೇ?

ಉತ್ತರ: ಅದು ನಿಮ್ಮದೇ ಹಣ. ಸರಾಸರಿ ಎರಡು ತಿಂಗಳ ಬಿಲ್ಲಿನಷ್ಟು ಠೇವಣಿ ಇರಬೇಕು ಎಂಬ ನಿಯಮವಿದೆ, ವರ್ಷಕ್ಕೊಮ್ಮೆ ಪರಿಶೀಲಿಸಿ ಕಡಿಮೆ ಇದ್ದರೆ ಕೇಳುತ್ತಾರೆ. ಅದಕ್ಕೆ ವರ್ಷಕ್ಕೊಮ್ಮೆ ಬಡ್ಡಿ ಲೆಕ್ಕ ಹಾಕಿ ಬಿಲ್ಲಿನಲ್ಲಿ ಕಳೆಯುತ್ತಾರೆ; ಆ ಸಾಲು ನಿಮ್ಮ ಬಿಲ್ಲಿನಲ್ಲಿ ಬಂದಿದೆಯೇ ಎಂದು ತಪ್ಪದೆ ನೋಡಿ. ಸಂಪರ್ಕವನ್ನು ಶಾಶ್ವತವಾಗಿ ತೆಗೆಸಿದಾಗ ಬಾಕಿ ಕಳೆದು ಉಳಿದದ್ದನ್ನು ಹಿಂದಿರುಗಿಸುತ್ತಾರೆ. ಠೇವಣಿ ಕಟ್ಟಿದ ರಸೀದಿಗಳನ್ನು ಜೋಪಾನವಾಗಿಡಿ.

ಪ್ರಶ್ನೆ (ವಿದ್ಯಾನಗರದ ಮೊದಲ ಸದಸ್ಯರು): ಬಹಳ ಸ್ಪಷ್ಟವಾಯಿತು ಸರ್. ಆದರೂ ಮನೆಯವರಿಗೆ ಸಮಾಧಾನವಿಲ್ಲ. ಮೀಟರ್ ಸರಿಯಿದೆಯೇ ಎಂದು ನಾವೇ ನೋಡಬಹುದೇ?

ಉತ್ತರ: ನೋಡಬಹುದು. ಮನೆಯ ಮುಖ್ಯ ಸ್ವಿಚ್ ಬಂದ್ ಮಾಡಿ, ಮೀಟರ್ ಮೇಲಿನ ಕೆಂಪು ದೀಪ ಮಿನುಗುತ್ತದೆಯೇ ಎಂದು ಹದಿನೈದು ನಿಮಿಷ ಗಮನಿಸಿ. ಮಿನುಗಿದರೆ ಮೀಟರ್ ಮತ್ತು ಮುಖ್ಯ ಸ್ವಿಚ್ ನಡುವಿನ ವೈರಿಂಗ್‌ನಲ್ಲಿ ಸೋರಿಕೆ ಇದೆ, ಮುಖ್ಯ ಸ್ವಿಚ್‌ಗಿಂತ ಮೊದಲೇ ಯಾವುದೋ ಸಂಪರ್ಕ ಹೋಗಿದೆ ಅಥವಾ ಮೀಟರಿನಲ್ಲೇ ದೋಷವಿದೆ ಎಂದು ತಿಳಿದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಅವರಿಂದ ಪರೀಕ್ಷೆ ಮಾಡಿಸಿ. ನೀವೇ ಮೀಟರ್ ಪೆಟ್ಟಿಗೆಗೆ ಕೈ ಹಾಕಬೇಡಿ, ಸೀಲ್ ಮುಟ್ಟಬೇಡಿ. ದೀಪ ಮಿನುಗದಿದ್ದರೆ ಎಲ್ಲವನ್ನೂ ಬಂದ್ ಇಟ್ಟು ಗೀಸರ್ ಒಂದನ್ನೇ ಅದು ತಾನಾಗಿ ಕಡಿತವಾಗದಂತೆ ತಣ್ಣೀರು ತುಂಬಿ ಹತ್ತು ನಿಮಿಷ ಹಾಕಿ. 2,000 ವ್ಯಾಟ್‌ಗೆ ಯೂನಿಟ್‌ನ ಮೂರನೇ ಒಂದು ಭಾಗದಷ್ಟು ಓಡಬೇಕು. ಅದಕ್ಕಿಂತ ಬಹಳ ಹೆಚ್ಚು ಓಡಿದರೆ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಮೀಟರ್ ಪರೀಕ್ಷೆ ಮಾಡಿಸಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ. ದೂರನ್ನು ಸಹಾಯವಾಣಿ 1912ಕ್ಕೆ ಕರೆ ಮಾಡಿಯೂ ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಈ ನಡುವೆ ಬಿಲ್ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ. ತಡವಾದರೆ ಬಡ್ಡಿ ಸೇರುತ್ತದೆ, ಹೆಚ್ಚು ಕಟ್ಟಿದ್ದೀರೆಂದು ಸಾಬೀತಾದರೆ ಆ ಹಣ ಮುಂದಿನ ಬಿಲ್ಲುಗಳಲ್ಲಿ ಹೊಂದಾಣಿಕೆಯಾಗುತ್ತದೆ.